‘ಡೆಡ್ ಸ್ಟಾಕ್’ ಎಂದು ಬರೆದರೂ ಸಾಯದ ವಸ್ತು

ಶಾಲೆಯಾಗಲಿ, ಕಾಲೇಜಾಗಲಿ, ಸರ್ಕಾರಿ ಕಚೇರಿಯಾಗಲಿ, ಅಲ್ಲಿ ಒಂದು ದಪ್ಪ ಪುಸ್ತಕ ಇದ್ದೇ ಇರುತ್ತದೆ. ಅದರ ಹೆಸರು ಡೆಡ್ ಸ್ಟಾಕ್ ರಿಜಿಸ್ಟರ್. ಕುರ್ಚಿ, ಮೇಜು, ಬೀರು, ಫ್ಯಾನು, ಲ್ಯಾಬಿನ ತಕ್ಕಡಿ, ಕೆಟ್ಟುಹೋದ ಕಂಪ್ಯೂಟರ್ ಎಲ್ಲದಕ್ಕೂ ಅದರಲ್ಲಿ ಒಂದೊಂದು ಸಾಲು. ತಂದ ದಿನಾಂಕ, ಬೆಲೆ, ಬಿಲ್ ನಂಬರ್, ಕೊನೆಯಲ್ಲಿ ಷರಾ. ವಸ್ತು ಹಳೆಯದಾದ ಮೇಲೆ ‘ನಿರುಪಯುಕ್ತ’ ಎಂದು ಬರೆದು, ಸಮಿತಿಯವರ ಸಹಿ ಮಾಡಿಸಿ, ಹರಾಜು ಹಾಕಿ, ಬಂದ ಹಣವನ್ನು ಜಮಾ ಮಾಡಿದರೆ ಆ ಸಾಲಿನ ಲೆಕ್ಕ ಮುಗಿಯಿತು. ಕುರ್ಚಿಯ ವಿಷಯದಲ್ಲಿ ಇದು ಸರಿ. ಮುರಿದ ಕುರ್ಚಿ ಯಾರ ಮನೆಗೆ ಹೋದರೂ ಯಾರಿಗೂ ಏನೂ ಮಾಡುವುದಿಲ್ಲ.

ಆದರೆ ಹಾಗೆ ಲೆಕ್ಕ ಮುಗಿಸಲು ಬಾರದ ಒಂದು ವಸ್ತುವಿದೆ. ಅದು ಸಂಶೋಧನೆಗೆ ಬಳಸುವ ಗಾಮಾ ವಿಕಿರಣದ ಯಂತ್ರ. ಈ ಲೇಖನ ಬರೆಯುತ್ತೇನೆ ಎಂದಾಗ ಸೈನ್ಸ್ ವಿಭಾಗದ ಗೆಳೆಯರು, “ನಿಮಗೂ ಗಾಮಾಕ್ಕೂ ಏನು ಸಂಬಂಧ? ನೀವು ಡೆಬಿಟ್ ಕ್ರೆಡಿಟ್ ನೋಡಿಕೊಳ್ಳಿ” ಎಂದು ನಕ್ಕರು. ಸಂಬಂಧ ಇದೆ. ಅಂಥ ಯಂತ್ರದ ಮೊದಲ ಪುಟವನ್ನು ವಿಜ್ಞಾನಿ ಬರೆಯುತ್ತಾರೆ. ಕೊನೆಯ ಪುಟವನ್ನು ಬರೆಯುವವರು ಗುಮಾಸ್ತರು, ಲೆಕ್ಕಿಗರು, ಆಡಿಟರ್, ಹರಾಜು ಸಮಿತಿಯವರು ಮತ್ತು ಗುಜರಿ ವ್ಯಾಪಾರಿಗಳು. ಕಾಮರ್ಸ್ ಓದುತ್ತಿರುವ ನಾವೇ ನಾಳೆ ಆ ಕುರ್ಚಿಗಳಲ್ಲಿ ಕೂರುವವರು. ಗಾಮಾ ಯಂತ್ರ ಕೊಳ್ಳುವ ದಿನವೇ ಅದನ್ನು ಹಿಂದಿರುಗಿಸುವ ಲೆಕ್ಕವನ್ನೂ ಬರೆದಿಡಬೇಕು, ಬರೆಯದಿದ್ದರೆ ಆ ಬಾಕಿಯನ್ನು ಯಾವುದೋ ಊರಿನ ಗುಜರಿ ಕೆಲಸಗಾರ ತನ್ನ ಮೈಯಿಂದ ತೀರಿಸುತ್ತಾನೆ ಎನ್ನುವುದು ನನ್ನ ವಾದ.

ಯಂತ್ರ ಬೇಕೇ ಬೇಡವೇ?

ಮೊದಲು ಯಂತ್ರದ ಪರವಾಗಿ ಮಾತಾಡುತ್ತೇನೆ. ವಿಕಿರಣ ಎಂದ ಕೂಡಲೇ ನಮ್ಮಲ್ಲಿ ಬಾಂಬ್ ನೆನಪಿಗೆ ಬರುತ್ತದೆ. ಆದರೆ ಗಾಮಾ ಕಿರಣ ನಮ್ಮ ಹೊಲಕ್ಕೂ ಅಡುಗೆಮನೆಗೂ ಬಂದಿದೆ.

1900ರಲ್ಲಿ ಪ್ಯಾರಿಸ್‌ನಲ್ಲಿ ಪಾಲ್ ವಿಲಾರ್ ಎಂಬ ವಿಜ್ಞಾನಿ ರೇಡಿಯಂನಿಂದ ಹೊರಬರುವ ಈ ಕಿರಣವನ್ನು ಗುರುತಿಸಿದರು. ಅದಕ್ಕೆ ಗಾಮಾ ಎಂಬ ಹೆಸರು ಕೊಟ್ಟವರು ರುದರ್‌ಫೋರ್ಡ್. ಬೆಳಕಿನ ಜಾತಿಗೇ ಸೇರಿದ ಕಿರಣ, ಆದರೆ ಶಕ್ತಿ ಬಹಳ ಹೆಚ್ಚು. ಇಂದು ಸಂಶೋಧನೆಗೆ ಹೆಚ್ಚಾಗಿ ಬಳಸುವ ಗಾಮಾ ಮೂಲ ಕೋಬಾಲ್ಟ್-60. ಸಾಮಾನ್ಯ ಕೋಬಾಲ್ಟ್ ಲೋಹವನ್ನು ಅಣು ಸ್ಥಾವರದೊಳಗೆ ಇಟ್ಟರೆ ಅದು ನ್ಯೂಟ್ರಾನ್ ಹೀರಿಕೊಂಡು ಕೋಬಾಲ್ಟ್-60 ಆಗುತ್ತದೆ. ಅದನ್ನು ಪೆನ್ಸಿಲ್‌ನಂಥ ಉಕ್ಕಿನ ಕೊಳವೆಗಳಲ್ಲಿ ಮುಚ್ಚಿ, ಸುತ್ತ ಭಾರಿ ಸೀಸದ ಕವಚ ಕಟ್ಟುತ್ತಾರೆ. ಈ ಕಿರಣವನ್ನು ಅರ್ಧಕ್ಕೆ ಇಳಿಸಲು ಸುಮಾರು 1.2 ಸೆಂಟಿಮೀಟರ್ ದಪ್ಪದ ಸೀಸ ಬೇಕು. ಉಳಿದರ್ಧವನ್ನು ಮತ್ತೆ ಅರ್ಧ ಮಾಡಲು ಇನ್ನೂ ಅಷ್ಟೇ ಸೀಸ. ಹೀಗೆ ಪದರ ಪದರ ಸೇರಿಸುತ್ತಾ ಹೋಗಿ ಯಂತ್ರ ಟನ್‌ಗಟ್ಟಲೆ ತೂಗುತ್ತದೆ. ನಮ್ಮ ದೇಶದಲ್ಲೇ ತಯಾರಾಗುವ ‘ಗಾಮಾ ಚೇಂಬರ್ 5000’ ಎಂಬ ಯಂತ್ರದೊಳಗೆ ಹಿಡಿಸುವ ಸ್ಯಾಂಪಲ್ ಐದು ಲೀಟರ್ ಕ್ಯಾನಿನಷ್ಟು ಮಾತ್ರ, ಯಂತ್ರದ ತೂಕ ಐದು ಟನ್‌ಗಿಂತ ಹೆಚ್ಚು.

ಆ ಐದು ಲೀಟರ್ ಜಾಗದಲ್ಲಿ ಏನು ಮಾಡುತ್ತಾರೆ? ಬೀಜ ಇಡುತ್ತಾರೆ. ಗಾಮಾ ಕಿರಣ ಬೀಜದ ಒಳಗಿನ ವಂಶವಾಹಿಯಲ್ಲಿ ಸಣ್ಣ ಸಣ್ಣ ಬದಲಾವಣೆ ಮಾಡುತ್ತದೆ. ಆ ಬೀಜಗಳನ್ನು ಬಿತ್ತಿ, ಸಾವಿರಾರು ಗಿಡಗಳಲ್ಲಿ ಗಿಡ್ಡವಾದದ್ದು, ಬೇಗ ಬಲಿಯುವುದು, ಹೆಚ್ಚು ಕಾಯಿ ಹಿಡಿಯುವುದು ಯಾವುದೆಂದು ವರ್ಷಗಟ್ಟಲೆ ಹುಡುಕುತ್ತಾರೆ. ಮುಂಬೈನ ಟ್ರಾಂಬೆಯಲ್ಲಿರುವ ಭಾಭಾ ಅಣು ಸಂಶೋಧನಾ ಕೇಂದ್ರ ಎಕ್ಸ್-ರೇ, ಗಾಮಾ ಮುಂತಾದ ವಿಕಿರಣದ ನೆರವಿನಿಂದ 60ಕ್ಕೂ ಹೆಚ್ಚು ತಳಿಗಳನ್ನು ರೈತರಿಗೆ ಕೊಟ್ಟಿದೆ. ಅವುಗಳಲ್ಲಿ ಬಹಳಷ್ಟು ಶೇಂಗಾ. ಕರ್ನಾಟಕದಲ್ಲೂ ಬೆಳೆಯುವ ಟಿ.ಎ.ಜಿ.-24 ಶೇಂಗಾ ಆ ಮನೆಯದೇ. ಟಿ.ಡಿ.ಜಿ.-39 ಎಂಬ ಇನ್ನೊಂದು ತಳಿಯ ಹೆಸರಿನಲ್ಲಿರುವ ‘ಡಿ’ ಎಂದರೆ ಧಾರವಾಡ. ಅಲ್ಲಿನ ಕೃಷಿ ವಿಶ್ವವಿದ್ಯಾಲಯದ ಜೊತೆ ಸೇರಿ ಮಾಡಿದ ತಳಿ ಅದು. ಶೇಂಗಾ ಬಿತ್ತುವ ನಮ್ಮ ತಾಲ್ಲೂಕಿನವರಿಗೆ ಇದು ದೂರದ ಸುದ್ದಿಯಲ್ಲ. ಜಗತ್ತಿನಲ್ಲಿ ಹೀಗೆ ಹುಟ್ಟಿದ ತಳಿಗಳ ಲೆಕ್ಕ 3,000 ದಾಟಿದೆ.

ಬೀಜವಲ್ಲದೆ ಇನ್ನೂ ಕೆಲಸಗಳಿವೆ. ಆಪರೇಷನ್‌ಗೆ ಬಳಸುವ ಸಿರಿಂಜು, ಗ್ಲೌಸುಗಳ ಕ್ರಿಮಿ ಕೊಲ್ಲುವುದು, ಮಸಾಲೆ ಪುಡಿ ಕೆಡದಂತೆ ಮಾಡುವುದು, ಪ್ಲಾಸ್ಟಿಕ್ ಗಟ್ಟಿ ಮಾಡುವುದು ಇವೆಲ್ಲ ಮೊದಲು ಲ್ಯಾಬಿನ ಸಣ್ಣ ಯಂತ್ರದಲ್ಲಿ ಪರೀಕ್ಷೆಯಾಗಿ ಆಮೇಲೆ ಕಾರ್ಖಾನೆಗೆ ಬಂದವು. 2007ರಿಂದ ನಮ್ಮ ದೇಶದ ಮಾವಿನಹಣ್ಣು ಅಮೆರಿಕಕ್ಕೆ ಹೋಗುತ್ತಿರುವುದೂ ಹೀಗೆ ಗಾಮಾ ಕಿರಣ ಕೊಟ್ಟ ಮೇಲೆಯೇ. ಕೋಲಾರ ಜಿಲ್ಲೆಯ ಮಾಲೂರಿನಲ್ಲೂ ಅಂಥ ಕೇಂದ್ರವಿದೆ. ಮಂಗಳೂರು ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆಂದೇ ಕೋಬಾಲ್ಟ್ ಯಂತ್ರವಿದೆ.

ಕಿರಣ ಬಿದ್ದ ಬೀಜ, ಹಣ್ಣು ತಾವೇ ವಿಕಿರಣ ಸೂಸುವುದಿಲ್ಲ. ಟಾರ್ಚ್ ಬೆಳಕು ಬಿದ್ದ ಗೋಡೆ ಟಾರ್ಚ್ ಆರಿಸಿದ ಮೇಲೆ ತಾನಾಗಿ ಬೆಳಗುತ್ತದೆಯೇ? ಇಲ್ಲ. ಹಾಗೆಯೇ ಇದೂ. ಹೆದರಬೇಕಾದದ್ದು ಒಳಗಿನ ಕೋಬಾಲ್ಟ್‌ಗೆ. ಏಕೆಂದರೆ ಆ ಟಾರ್ಚಿಗೆ ಸ್ವಿಚ್ ಇಲ್ಲ. ಎಕ್ಸ್-ರೇ ಯಂತ್ರದ ಪ್ಲಗ್ ತೆಗೆದರೆ ಅದು ಬರೀ ಪೆಟ್ಟಿಗೆ. ಗಾಮಾ ಯಂತ್ರದ ಪ್ಲಗ್ ತೆಗೆದರೆ ಸ್ಯಾಂಪಲ್ ಮೇಲೆ ಕೆಳಗೆ ಮಾಡುವ ಮೋಟರ್ ನಿಲ್ಲುತ್ತದೆ, ಕೋಬಾಲ್ಟ್ ನಿಲ್ಲುವುದಿಲ್ಲ. ಬಾಗಿಲಿಗೆ ಬೀಗ ಹಾಕಿ ಎಲ್ಲರೂ ಮರೆತರೂ ಅದು ತನ್ನ ಪಾಡಿಗೆ ಉರಿಯುತ್ತಲೇ ಇರುತ್ತದೆ.

ದೆಹಲಿಯಲ್ಲಿ ಆದದ್ದು

ಈ ಮರೆವಿನಿಂದ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ನಮ್ಮ ದೇಶದ ರಾಜಧಾನಿಯಲ್ಲೇ ಇದೆ. ದೆಹಲಿ ವಿಶ್ವವಿದ್ಯಾಲಯದಲ್ಲಿ ಕೆನಡಾದಲ್ಲಿ ತಯಾರಾದ ‘ಗಾಮಾಸೆಲ್ 220’ ಎಂಬ ಸಂಶೋಧನಾ ಯಂತ್ರವಿತ್ತು. ಅದು ಬಂದದ್ದು 1968ರಲ್ಲಿ. ನಮ್ಮ ಅಣುಶಕ್ತಿ ನಿಯಂತ್ರಣ ಮಂಡಳಿ ಹುಟ್ಟಿದ್ದು 1983ರಲ್ಲಿ. ಅಂದರೆ ಲೆಕ್ಕ ಕೇಳುವ ಮಂಡಳಿಗಿಂತ 15 ವರ್ಷ ಹಿರಿಯ ಯಂತ್ರ. 1985ರ ನಂತರ ಅದನ್ನು ಯಾರೂ ಬಳಸಲಿಲ್ಲ. 25 ವರ್ಷ ಸುಮ್ಮನೆ ನಿಂತಿತ್ತು.

2010ರ ಫೆಬ್ರವರಿ 26ರಂದು ಅದನ್ನು ಹರಾಜಿನಲ್ಲಿ ಗುಜರಿಗೆ ಮಾರಿದರು. ಯಂತ್ರ ಪಶ್ಚಿಮ ದೆಹಲಿಯ ಮಾಯಾಪುರಿ ಎಂಬ ದೊಡ್ಡ ಗುಜರಿ ಮಾರುಕಟ್ಟೆಗೆ ಹೋಯಿತು. ಅಲ್ಲಿನ ಕೆಲಸಗಾರರು ಎಲ್ಲ ಹಳೆಯ ಯಂತ್ರಗಳಿಗೆ ಮಾಡುವುದನ್ನೇ ಇದಕ್ಕೂ ಮಾಡಿದರು. ಬಿಚ್ಚಿದರು, ಒಡೆದರು, ಲೋಹ ಬೇರೆ ಮಾಡಿದರು. ಒಳಗಿದ್ದ ಕೋಬಾಲ್ಟ್ ಹನ್ನೊಂದು ಚೂರಾಯಿತು. ಎರಡು ಚೂರು ಪಕ್ಕದ ಅಂಗಡಿಗೆ ಹೋದವು. ಅತಿ ಸಣ್ಣ ಚೂರೊಂದನ್ನು ಒಬ್ಬರು ತಮ್ಮ ಪರ್ಸಿನಲ್ಲಿ ಇಟ್ಟುಕೊಂಡು ಓಡಾಡಿದರು.

ಕೋಬಾಲ್ಟ್-60 ವಾಸನೆ ಬರುವುದಿಲ್ಲ, ಕೈಗೆ ಚುರುಕ್ ಎನ್ನುವುದಿಲ್ಲ. ಆಮೇಲೆ ವಾಂತಿ, ಕೂದಲು ಉದುರುವುದು, ಚರ್ಮ ಕಪ್ಪಾಗಿ ಹುಣ್ಣಾಗುವುದು ಶುರುವಾಗುತ್ತದೆ. ಏಪ್ರಿಲ್ ಮೊದಲ ವಾರ ಆಸ್ಪತ್ರೆಯಿಂದ ಸುದ್ದಿ ಹೋದ ಮೇಲೆ ಅಧಿಕಾರಿಗಳು ಮಾಪಕಗಳೊಂದಿಗೆ ಬಂದರು, ಒಂದೊಂದೇ ಚೂರನ್ನು ಹುಡುಕಿ ತೆಗೆದು ನರೋರಾ ಅಣು ವಿದ್ಯುತ್ ಸ್ಥಾವರಕ್ಕೆ ಸಾಗಿಸಿದರು. ಅಷ್ಟರಲ್ಲಿ ಹಲವರು ಆಸ್ಪತ್ರೆ ಸೇರಿದ್ದರು. ಒಬ್ಬ ಕೆಲಸಗಾರ ಏಪ್ರಿಲ್ ತಿಂಗಳಲ್ಲೇ ತೀರಿಕೊಂಡರು. ಏಳು ಹಂತದ ಅಂತರರಾಷ್ಟ್ರೀಯ ಅಳತೆಗೋಲಿನಲ್ಲಿ ಇದನ್ನು ನಾಲ್ಕನೇ ಹಂತದ ಅವಘಡ ಎಂದು ಗುರುತಿಸಲಾಯಿತು. ಚೂರುಗಳು ಎಲ್ಲಿಂದ ಬಂದವು ಎಂದು ಹುಡುಕುತ್ತಾ ಹೋದಾಗ ದಾರಿ ತಲುಪಿದ್ದು ವಿಶ್ವವಿದ್ಯಾಲಯದ ಹರಾಜಿಗೆ.

ಈ ಕಥೆ ದೆಹಲಿಗೆ ಮಾತ್ರ ಸೇರಿದ್ದಲ್ಲ. 1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾ ನಗರದಲ್ಲಿ ಪಾಳುಬಿದ್ದ ಆಸ್ಪತ್ರೆ ಕಟ್ಟಡದಿಂದ ಕ್ಯಾನ್ಸರ್ ಚಿಕಿತ್ಸೆಯ ಯಂತ್ರದ ಭಾಗ ಹೀಗೆಯೇ ಗುಜರಿಗೆ ಬಂತು. ಅದರಲ್ಲಿದ್ದದ್ದು ಸೀಸಿಯಂ-137. ಕತ್ತಲಲ್ಲಿ ನೀಲಿಯಾಗಿ ಹೊಳೆಯುವ ಪುಡಿ ಎಂದು ಜನ ಮನೆಗೆ ಒಯ್ದರು. ನಾಲ್ವರು ಸತ್ತರು, 249 ಮಂದಿಯ ಮೈಗೆ ವಿಕಿರಣದ ಪುಡಿ ತಾಗಿತ್ತು. 2008ರಲ್ಲಿ ಫ್ರಾನ್ಸಿನಲ್ಲಿ ಲಿಫ್ಟಿನ ಬಟನ್‌ಗಳಲ್ಲಿ ಕೋಬಾಲ್ಟ್-60 ಸಿಕ್ಕಿತು. ಆ ಉಕ್ಕು ಹೋಗಿದ್ದು ನಮ್ಮ ದೇಶದಿಂದ. ಎಲ್ಲೋ ಒಂದು ಮೂಲ ಗುಜರಿಯ ಜೊತೆ ಸೇರಿ ಕುಲುಮೆಯಲ್ಲಿ ಕರಗಿ, ಬಟನ್ ಆಗಿ ಸಮುದ್ರ ದಾಟಿತ್ತು.

ಎರಡು ಪದ್ಧತಿ, ಎರಡು ಲೆಕ್ಕ

ಇಲ್ಲಿ ಕಾಮರ್ಸ್ ಬರುತ್ತದೆ. ಪ್ರಥಮ ಪಿಯುಸಿಯಲ್ಲಿ ನಾವೆಲ್ಲ ಸವಕಳಿ ಪಾಠ ಓದಿದ್ದೇವೆ. ಸವಕಳಿ ಲೆಕ್ಕ ಹಾಕಲು ಎರಡು ಪದ್ಧತಿ. ಒಂದು ಸರಳ ರೇಖಾ ಪದ್ಧತಿ: ಒಂದು ಲಕ್ಷದ ಯಂತ್ರಕ್ಕೆ ವರ್ಷಕ್ಕೆ ಹತ್ತು ಸಾವಿರದಂತೆ ಕಳೆದರೆ ಹತ್ತು ವರ್ಷಕ್ಕೆ ಸೊನ್ನೆ. ಇನ್ನೊಂದು ಇಳಿಕೆ ಶೇಷ ಪದ್ಧತಿ: ಪ್ರತಿ ವರ್ಷ ಉಳಿದಿರುವ ಮೊತ್ತದ ಮೇಲೆ ಶೇಕಡಾವಾರು ಕಳೆಯುವುದು. ಈ ಎರಡನೆಯ ಪದ್ಧತಿಯಲ್ಲಿ ಶೇಷ ಎಂದಿಗೂ ಸೊನ್ನೆ ಆಗುವುದಿಲ್ಲ, ಸಣ್ಣದಾಗುತ್ತಾ ಹೋಗುತ್ತದೆ ಎಂದು ನಮ್ಮ ಉಪನ್ಯಾಸಕರು ಬೋರ್ಡಿನ ಮೇಲೆ ತೋರಿಸಿದ್ದು ನಿಮಗೂ ನೆನಪಿರಬಹುದು.

ಕೋಬಾಲ್ಟ್-60 ತನ್ನ ಲೆಕ್ಕವನ್ನು ಎರಡನೆಯ ಪದ್ಧತಿಯಲ್ಲೇ ಬರೆಯುತ್ತದೆ. ಅದರ ಶಕ್ತಿ ಅರ್ಧಕ್ಕೆ ಇಳಿಯಲು 5.27 ವರ್ಷ ಬೇಕು. ಸೈನ್ಸಿನವರು ಇದನ್ನು ಅರ್ಧಾಯುಷ್ಯ ಎನ್ನುತ್ತಾರೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇಳಿಕೆ ಶೇಷ ಪದ್ಧತಿ, ದರ ವರ್ಷಕ್ಕೆ ಸುಮಾರು ಶೇಕಡಾ 12.3. ಕ್ಯಾಲ್ಕುಲೇಟರ್ ಹಿಡಿದು ನೀವೇ ಮಾಡಿ ನೋಡಿ. ಒಂದು ಲಕ್ಷದಿಂದ ಶುರು ಮಾಡಿದರೆ ಐದು ವರ್ಷ ಚಿಲ್ಲರೆಗೆ 50,000. ಹತ್ತೂವರೆ ವರ್ಷಕ್ಕೆ 25,000. ಇಪ್ಪತ್ತೊಂದು ವರ್ಷಕ್ಕೆ 6,250. ದೆಹಲಿಯ ಯಂತ್ರ 1968ರಿಂದ 2010ರವರೆಗೆ 42 ವರ್ಷ ಕಳೆದಿತ್ತು. 42 ವರ್ಷಕ್ಕೆ ಶೇಷ ಸುಮಾರು 400. ಲಕ್ಷದಲ್ಲಿ ನಾಲ್ಕು ನೂರು! ಯಾವ ಲೆಕ್ಕಿಗನೂ ಇಷ್ಟನ್ನು ‘ನಗಣ್ಯ’ ಎಂದು ಅಳಿಸಿ ಹಾಕುತ್ತಾನೆ. ಆ ನಾಲ್ಕು ನೂರೇ ಒಬ್ಬ ಮನುಷ್ಯನನ್ನು ಕೊಂದಿತು.

ಸಂಸ್ಥೆಯ ಪುಸ್ತಕದಲ್ಲಿ ಹಳೆಯ ಯಂತ್ರದ ಬೆಲೆ ಸೊನ್ನೆ ಆಗುತ್ತದೆ. ಪ್ರಕೃತಿಯ ಪುಸ್ತಕದಲ್ಲಿ ಶೇಷ ಉಳಿದಿರುತ್ತದೆ. ಗುಜರಿಯವರ ಪುಸ್ತಕದಲ್ಲಿ ಮೂರನೆಯ ಲೆಕ್ಕವೇ ಇದೆ: ಇಷ್ಟು ಕೆ.ಜಿ. ಸೀಸ, ಇಷ್ಟು ಕೆ.ಜಿ. ಸ್ಟೀಲ್, ಇವತ್ತಿನ ರೇಟು ಇಷ್ಟು. ಕವಚದ ಸೀಸಕ್ಕೆ ಬೆಲೆ ಇರುವುದರಿಂದಲೇ ಇಂಥ ಯಂತ್ರವನ್ನು ಯಾರಾದರೂ ಕೊಳ್ಳುತ್ತಾರೆ. ಕಾಪಾಡಲೆಂದು ಕಟ್ಟಿದ ಗೋಡೆಯೇ ಕದ ತೆರೆಯುವ ಆಸೆ ಹುಟ್ಟಿಸುತ್ತದೆ. ಈ ಮೂರು ಲೆಕ್ಕಗಳನ್ನು ಒಟ್ಟಿಗೆ ಇಟ್ಟು ನೋಡುವವರು ಯಾರೂ ಇರದಿದ್ದರೆ ಮಾಯಾಪುರಿ ಮತ್ತೆ ಆಗುತ್ತದೆ.

ಗುಜರಿ ನಮ್ಮದೇ ಮನೆಯ ಕಸುಬು

ಲಿಂಗಸುಗೂರಿನಲ್ಲಿ ಗುಜರಿ ಅಂಗಡಿ, ವೆಲ್ಡಿಂಗ್ ಶಾಪ್, ಗ್ಯಾರೇಜ್ ಎಂದರೆ ಯಾರ ಮನೆಯವರು ನೆನಪಿಗೆ ಬರುತ್ತಾರೆ ಎಂದು ಬಿಡಿಸಿ ಹೇಳಬೇಕಿಲ್ಲ. ನಮ್ಮ ಕಾಲೇಜಿನ ಅರ್ಧ ತರಗತಿಯ ಫೀಸು ಅಲ್ಲಿಂದಲೇ ಬರುತ್ತದೆ. ನನ್ನ ಮಾಮುವಿನದೂ ಗುಜರಿ ಅಂಗಡಿ. ಹಳ್ಳಿಗಳಿಂದ ತಳ್ಳುಗಾಡಿಯವರು, ಟಂಟಂನವರು ತಂದದ್ದನ್ನು ತೂಗಿ ಕೊಳ್ಳುತ್ತಾರೆ. ತಾಮ್ರ, ಹಿತ್ತಾಳೆ, ಅಲ್ಯುಮಿನಿಯಂ, ಸೀಸ ಬೇರೆ ಬೇರೆ ಮಾಡಿ ಲಾರಿಗೆ ತುಂಬುತ್ತಾರೆ. ಕಣ್ಣಿಗೆ ಕಂಡ ಲೋಹವನ್ನು ಉಗುರಿನಿಂದ ಗೀಚಿ ಯಾವುದೆಂದು ಹೇಳುವಷ್ಟು ಅನುಭವ ಅವರಿಗೆ. ಇಂಗ್ಲಿಷ್ ಓದಲು ಬರುವುದಿಲ್ಲ.

ಈ ಲೇಖನಕ್ಕಾಗಿ ವಿಕಿರಣದ ಗುರುತನ್ನು, ಹಳದಿ ಹಿನ್ನೆಲೆಯಲ್ಲಿ ಮೂರು ರೆಕ್ಕೆಯಂತೆ ಕಾಣುವ ಚಿತ್ರವನ್ನು, ಕಾಗದದ ಮೇಲೆ ಬಿಡಿಸಿಕೊಂಡು ಮಾಮುವಿನ ಅಂಗಡಿ ಸೇರಿ ಐದು ಕಡೆ ತೋರಿಸಿದೆ. ಒಬ್ಬರು “ಇದು ಫ್ಯಾನಿನ ಕಂಪನಿ ಗುರುತು” ಎಂದರು. ಒಬ್ಬರು “ಕರೆಂಟ್ ಡೇಂಜರ್ ಇರಬೇಕು” ಎಂದರು. ವೆಲ್ಡಿಂಗ್ ಮಾಡುವ ಹುಡುಗನೊಬ್ಬ ಮಾತ್ರ “ಸಿನಿಮಾದಲ್ಲಿ ನೋಡಿದ್ದೇನೆ, ಬಾಂಬಿನ ಮೇಲೆ ಇರುತ್ತದೆ” ಎಂದ. ಮಾಮು ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, “ಬೇಟಾ, ತುಕ್ಕು ಹಿಡಿದು ಮಣ್ಣು ಮೆತ್ತಿದ ಮೇಲೆ ಯಾವ ಗುರುತು ಕಾಣುತ್ತದೆ? ನಾವು ತೂಕ ನೋಡುತ್ತೇವೆ, ಬಣ್ಣ ನೋಡುವುದಿಲ್ಲ” ಎಂದರು.

ಮಾಮುವಿನ ಈ ಮಾತಿನಲ್ಲಿ ತಪ್ಪೇನಿಲ್ಲ. ದೊಡ್ಡ ದೊಡ್ಡ ವಿಜ್ಞಾನಿಗಳೂ ಇದನ್ನು ಒಪ್ಪಿಕೊಂಡಿದ್ದಾರೆ. ಮೂರು ರೆಕ್ಕೆಯ ಚಿತ್ರ ಸಾಮಾನ್ಯ ಜನರಿಗೆ ಏನೂ ಹೇಳುವುದಿಲ್ಲ ಎಂದು ಕಂಡುಕೊಂಡ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಹನ್ನೊಂದು ದೇಶಗಳಲ್ಲಿ ಜನರಿಗೆ ತೋರಿಸಿ, ಪರೀಕ್ಷಿಸಿ, 2007ರಲ್ಲಿ ಹೊಸ ಗುರುತೊಂದನ್ನು ಹೊರತಂದಿತು. ಕೆಂಪು ತ್ರಿಕೋನ. ಮೇಲೆ ಮೂರು ರೆಕ್ಕೆ, ಅದರಿಂದ ಇಳಿಯುವ ಕಿರಣಗಳು, ಕೆಳಗೆ ಒಂದು ತಲೆಬುರುಡೆ, ಪಕ್ಕದಲ್ಲಿ ಓಡಿಹೋಗುತ್ತಿರುವ ಮನುಷ್ಯ. ಓದು ಬಾರದವನಿಗೂ ಅರ್ಥವಾಗುತ್ತದೆ: ಸಾವು ಇದೆ, ಓಡು. ಇದನ್ನು ಯಂತ್ರದ ಹೊರಮೈಗೆ ಅಂಟಿಸುವುದಿಲ್ಲ, ಒಳಗೆ ಮೂಲದ ಹತ್ತಿರ ಅಂಟಿಸುತ್ತಾರೆ. ಬಿಚ್ಚಲು ಶುರು ಮಾಡಿದವನ ಕಣ್ಣಿಗೆ ಬೀಳಲಿ ಎಂದು. ಅಂದರೆ ಆ ಗುರುತು ಮಾಡಿದ್ದೇ ಗುಜರಿ ಕೆಲಸಗಾರನಿಗಾಗಿ. ಆದರೆ ನಾನು ಹೋದ ಐದು ಅಂಗಡಿಗಳಲ್ಲಿ ಒಬ್ಬರೂ ಅದನ್ನು ನೋಡಿರಲಿಲ್ಲ. 1968ರಂಥ ಹಳೆಯ ಯಂತ್ರಗಳ ಕಾಲದಲ್ಲಂತೂ ಆ ಗುರುತು ಹುಟ್ಟೇ ಇರಲಿಲ್ಲ.

“ಗುಜರಿಯವರು ನೋಡಿಕೊಂಡು ಕೊಳ್ಳಬೇಕಿತ್ತು” ಎಂದು ಹೇಳುವವರಿದ್ದಾರೆ. ಮಾರಾಟದಲ್ಲಿ ಕೊಳ್ಳುವವನು ಎಚ್ಚರವಾಗಿರಬೇಕು ಎಂಬ ನಿಯಮವನ್ನು ನಾವೂ ಬಿಸಿನೆಸ್ ಸ್ಟಡೀಸ್‌ನಲ್ಲಿ ಕೇಳಿದ್ದೇವೆ. ಆದರೆ ಆ ನಿಯಮ ನಡೆಯುವುದು ಇಬ್ಬರಿಗೂ ವಸ್ತು ಕಾಣುವಾಗ. ಸೀಸದೊಳಗೆ ಮುಚ್ಚಿಟ್ಟದ್ದನ್ನು ಕೊಳ್ಳುವವನು ಹೇಗೆ ನೋಡುತ್ತಾನೆ? ಮಾರಿದವರ ಕಡೆ ಪಿಎಚ್‌ಡಿ ಇತ್ತು, ಕೊಂಡವರ ಕಡೆ ಸುತ್ತಿಗೆ ಇತ್ತು. ಹೇಳಬೇಕಾದ ಜವಾಬ್ದಾರಿ ಯಾರದು ಎಂಬುದಕ್ಕೆ ಇನ್ನು ಬೇರೆ ವಾದ ಬೇಡ.

ಯಂತ್ರವನ್ನೇ ಬಂದ್ ಮಾಡಿದರೆ?

ಇನ್ನೊಂದು ಮಾತು ನಮ್ಮ ಮನೆಯಲ್ಲೇ ಬಂತು. ಮಾಯಾಪುರಿ ಕಥೆ ಕೇಳಿ ಅಮ್ಮಿ, “ಇಷ್ಟು ಅಪಾಯ ಇದ್ದರೆ ಇಂಥದ್ದನ್ನು ತರುವುದೇ ಬೇಡ” ಎಂದರು. ಅಮ್ಮಿಯ ಹೆದರಿಕೆ ಸಹಜ. ಆದರೂ ನಾನು ಒಪ್ಪುವುದಿಲ್ಲ. ಗ್ಯಾಸ್ ಸಿಲಿಂಡರ್ ಕೂಡ ಅಪಾಯವೇ. ಅದನ್ನು ಬಂದ್ ಮಾಡದೆ ಪ್ರತಿ ಸಿಲಿಂಡರಿಗೂ ನಂಬರ್ ಕೊಟ್ಟು, ಡಿಪಾಸಿಟ್ ತೆಗೆದುಕೊಂಡು, ಖಾಲಿಯಾದದ್ದು ವಾಪಸ್ ಬರುವಂತೆ ಮಾಡಿದ್ದಾರೆ. ಖಾಲಿ ಸಿಲಿಂಡರನ್ನು ಯಾರೂ ಮರೆಯುವುದಿಲ್ಲ, ಏಕೆಂದರೆ ಅದರ ಮೇಲೆ ಹಣ ಕಟ್ಟಿರುತ್ತೇವೆ. ಗಾಮಾ ಯಂತ್ರ ನಿಲ್ಲಿಸಿದರೆ ನಷ್ಟ ಮೊದಲು ಬರುವುದು ಹೊಸ ಬೀಜ ಕಾಯುತ್ತಿರುವ ನಮ್ಮಂಥ ಮಳೆ ಕಡಿಮೆ ಇರುವ ತಾಲ್ಲೂಕಿಗೇ. ಹೆದರಿ ವಿಜ್ಞಾನ ಬಿಡುವುದೂ, ಮರೆತು ವಿಜ್ಞಾನ ಮಾಡುವುದೂ ಎರಡೂ ಬಡವರಿಗೇ ದುಬಾರಿ.

“ಕಾನೂನು ಇದೆಯಲ್ಲ” ಎಂದೂ ಕೇಳಬಹುದು. ಇದೆ. 1962ರಲ್ಲೇ ಅಣುಶಕ್ತಿ ಕಾಯ್ದೆ ಬಂತು. ವಿಕಿರಣ ತ್ಯಾಜ್ಯದ ವಿಲೇವಾರಿಗೆ 1987ರ ನಿಯಮ, ವಿಕಿರಣ ರಕ್ಷಣೆಗೆ 2004ರ ನಿಯಮ ಬಂದವು. ಲೈಸೆನ್ಸ್ ಬೇಕು, ವಿಕಿರಣ ಸುರಕ್ಷತಾ ಅಧಿಕಾರಿ ಇರಬೇಕು, ಮಂಡಳಿಯ ಅನುಮತಿ ಇಲ್ಲದೆ ಮೂಲವನ್ನು ಯಾರಿಗೂ ಕೊಡುವಂತಿಲ್ಲ. ಆದರೆ 2010ರಲ್ಲೂ ಇವೆಲ್ಲ ಇದ್ದವು. ಕಾನೂನು ಒಂದು ಕಪಾಟಿನಲ್ಲಿ, ಡೆಡ್ ಸ್ಟಾಕ್ ರಿಜಿಸ್ಟರ್ ಇನ್ನೊಂದು ಕಪಾಟಿನಲ್ಲಿ ಇದ್ದರೆ ಹರಾಜು ಹಾಕುವ ಗುಮಾಸ್ತನಿಗೆ ಮೊದಲನೆಯದು ಕಾಣುವುದೇ ಇಲ್ಲ. ಅವನ ಎದುರಿಗಿರುವುದು ‘ಹಳೆಯ ಯಂತ್ರ, ಒಂದು ನಗ’ ಎಂಬ ಸಾಲು ಮಾತ್ರ.

ಏನು ಮಾಡಬೇಕು

ಮೊದಲನೆಯದು, ಆ ಸಾಲಿನಲ್ಲೇ ಬದಲಾವಣೆ ಬೇಕು. ವಿಕಿರಣ ಮೂಲವಿರುವ ಯಾವ ವಸ್ತುವನ್ನೂ ಸಾಮಾನ್ಯ ಡೆಡ್ ಸ್ಟಾಕ್ ಪುಸ್ತಕದಲ್ಲಿ ಬರೆಯಬಾರದು. ಅದಕ್ಕೆ ಬೇರೆ ಪುಸ್ತಕ, ಕೆಂಪು ರಟ್ಟಿನದು. ಅದರಲ್ಲಿ ಬೆಲೆಯ ಕಾಲಂ ಪಕ್ಕ ‘ಉಳಿದ ಶಕ್ತಿ’ ಎಂಬ ಕಾಲಂ ಇರಲಿ. ಪ್ರತಿ ಮಾರ್ಚ್ 31ಕ್ಕೆ ಲೆಕ್ಕ ಮುಗಿಸುವಾಗ ಲೆಕ್ಕಿಗರು ಶೇಕಡಾ 12.3 ಕಳೆದು ಬರೆಯಲಿ. ಬೆಲೆ ಸೊನ್ನೆಯಾದರೂ ಈ ಕಾಲಂ ಸೊನ್ನೆಯಾಗುವುದಿಲ್ಲ. ಅದು ಕಣ್ಣಿಗೆ ಕಾಣುತ್ತಿರುವವರೆಗೆ ಯಾರೂ ಆ ಯಂತ್ರವನ್ನು ಮರೆಯಲು ಆಗುವುದಿಲ್ಲ. ಆಡಿಟರ್ ಬಂದಾಗ ಬಿಲ್ ಕೇಳುವಂತೆ ಯಂತ್ರವನ್ನೂ ಕಣ್ಣಾರೆ ನೋಡಿ ಸಹಿ ಹಾಕಲಿ. ಉಪಯೋಗಿಸುತ್ತಿದ್ದ ಪ್ರಾಧ್ಯಾಪಕರು ನಿವೃತ್ತರಾದರೆ ಬೀಗದ ಕೈ ಜೊತೆ ಈ ಪುಸ್ತಕವೂ ಮುಂದಿನವರ ಕೈ ಸೇರಲಿ.

ಎರಡನೆಯದು, ಕೊಳ್ಳುವಾಗಲೇ ವಾಪಸ್ ಕಳಿಸುವ ಹಣವನ್ನು ಎತ್ತಿಡಬೇಕು. ದೊಡ್ಡ ಕಂಪನಿಗಳಿಗೆ ಇರುವ ಲೆಕ್ಕದ ಮಾನದಂಡ ಇಂಡ್ ಎಎಸ್ 16ರಲ್ಲಿ ಇದು ಈಗಾಗಲೇ ಇದೆ. ಯಂತ್ರವನ್ನು ಕೊನೆಗೆ ಬಿಚ್ಚಿ ತೆಗೆಯಲು ತಗಲುವ ಖರ್ಚಿನ ಅಂದಾಜನ್ನು ಅದರ ಬೆಲೆಗೆ ಮೊದಲ ದಿನವೇ ಸೇರಿಸಬೇಕು ಎನ್ನುತ್ತದೆ. ವಿಶ್ವವಿದ್ಯಾಲಯಗಳೂ ಹಾಗೆಯೇ ಮಾಡಲಿ. ಕೊನೆಯಲ್ಲಿ ಹಣ ಇಲ್ಲ ಎಂಬ ಕಾರಣಕ್ಕೆ ಯಂತ್ರ 25 ವರ್ಷ ಮೂಲೆಯಲ್ಲಿ ನಿಲ್ಲುವ ಪ್ರಮೇಯವೇ ಬರಬಾರದು.

ನಮ್ಮ ಮನೆಯ ಉರ್ದುವಿನಲ್ಲಿ ‘ಅಮಾನತ್’ ಎಂದರೆ ನಂಬಿ ನಮ್ಮ ಕೈಗೆ ಕೊಟ್ಟ ವಸ್ತು, ಕೇಳಿದಾಗ ಹಾಗೆಯೇ ಹಿಂದಿರುಗಿಸಬೇಕಾದದ್ದು. ಅದೇ ಪದ ಕನ್ನಡ ಕಚೇರಿಗೆ ಬಂದು ‘ಅಮಾನತು’ ಆದಾಗ ನೌಕರನನ್ನು ಕೆಲಸದಿಂದ ತಡೆಹಿಡಿಯುವುದು ಎಂಬ ಅರ್ಥ ಪಡೆದಿದೆ. ಗಾಮಾ ಮೂಲದ ವಿಷಯದಲ್ಲಿ ನಮಗೆ ಬೇಕಾದದ್ದು ಮೊದಲಿನ ಅರ್ಥ. ಅದನ್ನು ನೆನಪಿಟ್ಟರೆ ಅವಘಡವಾದ ಮೇಲೆ ಯಾರನ್ನೂ ಅಮಾನತು ಮಾಡುವ ಅಗತ್ಯ ಬರುವುದಿಲ್ಲ.

ಮೂರನೆಯದು ನಾವೇ ಮಾಡಬಹುದಾದದ್ದು. ನಮ್ಮ ಕಾಲೇಜಿನ ಎನ್‌ಎಸ್‌ಎಸ್ ಘಟಕ ಈ ವರ್ಷ ಒಂದು ಕೆಲಸ ಹಿಡಿಯಲಿ ಎಂದು ಕೇಳಿಕೊಳ್ಳುತ್ತೇನೆ. ಎರಡೂ ಗುರುತುಗಳನ್ನು ದೊಡ್ಡದಾಗಿ ಅಚ್ಚು ಹಾಕಿಸಿ, ಕೆಳಗೆ ಕನ್ನಡ ಮತ್ತು ಉರ್ದುವಿನಲ್ಲಿ ನಾಲ್ಕು ಸಾಲು ಬರೆದು, ಲಿಂಗಸುಗೂರು, ಮುದಗಲ್, ಹಟ್ಟಿ, ಮಸ್ಕಿಯ ಗುಜರಿ ಅಂಗಡಿಗಳ ತಕ್ಕಡಿ ಹತ್ತಿರ ಅಂಟಿಸೋಣ. ಸೈನ್ಸಿನವರು ವಿಷಯ ಬರೆಯಲಿ, ಆರ್ಟ್ಸಿನವರು ಭಾಷೆ ತಿದ್ದಲಿ, ಖರ್ಚಿನ ಲೆಕ್ಕ ನಾವು ಇಡುತ್ತೇವೆ. ನಾಲ್ಕು ಸಾಲು ಇವು ಸಾಕು:

ಗಾತ್ರಕ್ಕೆ ಮೀರಿದ ಭಾರ ಇದ್ದು, ಒಳಗೆ ಸೀಸ ತುಂಬಿದ್ದು, ಈ ಗುರುತು ಇದ್ದರೆ ಕತ್ತರಿಸಬೇಡಿ, ಒಡೆಯಬೇಡಿ.
ಒಳಗಿನಿಂದ ಬಿದ್ದ ಲೋಹದ ಚೂರನ್ನು ಕೈಯಲ್ಲಿ ಮುಟ್ಟಬೇಡಿ, ಜೇಬಿಗೆ ಹಾಕಬೇಡಿ, ಮನೆಗೆ ಒಯ್ಯಬೇಡಿ.
ದೂರ ಹೋಗಿ, ಬೇರೆಯವರನ್ನೂ ದೂರ ಕಳಿಸಿ. ಎರಡು ಪಟ್ಟು ದೂರ ಹೋದರೆ ಅಪಾಯ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ.
112ಕ್ಕೆ ಫೋನ್ ಮಾಡಿ. ವಾಂತಿ, ಚರ್ಮ ಸುಟ್ಟಂತೆ ಆದರೆ ಏನು ಮುಟ್ಟಿದ್ದಿರಿ ಎಂದು ಡಾಕ್ಟರಿಗೆ ಮುಚ್ಚಿಡದೆ ಹೇಳಿ.

ಕೊನೆಯ ಸಾಲಿನಲ್ಲಿ ‘ಮುಚ್ಚಿಡದೆ’ ಎಂದು ಬೇಕೆಂದೇ ಬರೆದಿದ್ದೇನೆ. ಗುಜರಿಯವರು ಪೊಲೀಸರಿಗೆ ಫೋನ್ ಮಾಡಲು ಹೆದರುತ್ತಾರೆ. ಕಳ್ಳಮಾಲು ಎಂದು ಮೊದಲು ತಮ್ಮನ್ನೇ ಹಿಡಿಯುತ್ತಾರೆ ಎಂಬ ಅಂಜಿಕೆ. ಆದ್ದರಿಂದ ಜಿಲ್ಲಾಡಳಿತಕ್ಕೂ ಒಂದು ಮನವಿ: ಇಂಥ ವಸ್ತು ಸಿಕ್ಕಿತು ಎಂದು ತಾನಾಗಿ ತಿಳಿಸಿದವರ ಮೇಲೆ ಕೇಸು ಇಲ್ಲ, ಕೊಂಡ ಬೆಲೆ ವಾಪಸ್ ಸಿಗುತ್ತದೆ ಎಂದು ಮೊದಲೇ ಸಾರಬೇಕು. ಕೊಂಡ ಹಣ ಮುಳುಗುತ್ತದೆ ಎಂದಾದರೆ ಬಡ ವ್ಯಾಪಾರಿ ಅದನ್ನು ರಾತ್ರೋರಾತ್ರಿ ಇನ್ನೊಬ್ಬರಿಗೆ ಮಾರುತ್ತಾನೆ. ಆಗ ಚೂರು ಹುಡುಕುವುದು ಇನ್ನೂ ಕಷ್ಟ.

ಕಾಮರ್ಸ್ ಗೆಳೆಯರಿಗೆ ಕೊನೆಯದಾಗಿ ಒಂದು ಮಾತು. ನಮ್ಮಲ್ಲಿ ಹೆಚ್ಚಿನವರು ಬಿ.ಕಾಂ. ಮುಗಿಸಿ ಯಾವುದಾದರೂ ಕಚೇರಿಯಲ್ಲಿ ಎಫ್‌ಡಿಎ, ಎಸ್‌ಡಿಎ, ಲೆಕ್ಕಾಧಿಕಾರಿ ಆಗುತ್ತೇವೆ. ಒಂದು ದಿನ ಹಳೆಯ ವಸ್ತುಗಳ ಹರಾಜಿನ ಪಟ್ಟಿ ನಮ್ಮ ಮೇಜಿಗೆ ಬರುತ್ತದೆ. ಆ ಪಟ್ಟಿಯಲ್ಲಿ ಅರ್ಥವಾಗದ ಯಂತ್ರವೊಂದು ಕಂಡರೆ ಸಹಿ ಹಾಕುವ ಮೊದಲು ಎದ್ದು ಹೋಗಿ ನೋಡಿ, ಬಲ್ಲವರನ್ನು ಕೇಳಿ, ಇದರೊಳಗೆ ಏನಿದೆ ಎಂಬುದನ್ನು ಬರಹದಲ್ಲಿ ತೆಗೆದುಕೊಳ್ಳಿ. ಕಚೇರಿಯಲ್ಲಿ ಇದರಿಂದ ಎರಡು ದಿನ ತಡವಾಗಬಹುದು, ಸಾಹೇಬರು ಗದರಬಹುದು. ಆ ಎರಡು ದಿನದ ತಡದಿಂದ ಎಲ್ಲೋ ಒಂದು ಗುಜರಿ ಅಂಗಡಿಯಲ್ಲಿ ಸುತ್ತಿಗೆ ಹಿಡಿದವನು ಸಂಜೆ ಮಾಮೂಲಿನಂತೆ ಮನೆಗೆ ಹೋಗುತ್ತಾನೆ.